ಡೀಸೆಲ್ ಎಂಜಿನ್ ಬಿಚ್ಚಿದಾಗ ಕಾಣೋ ಫ್ಯಾಕ್ಟರಿ ಗುರುತುಗಳು: ಯಾವುದನ್ನ ನಂಬೋದು, ಯಾವುದನ್ನ ಅಳೆದು ನೋಡೋದು?

ಮಲ್ನಾಡ್_ಕ್ವಾಲಿಸ್

ಎಲ್ಲರಿಗೂ ನಮಸ್ಕಾರ. ನಮ್ಮದು 2003ರ ಕ್ವಾಲಿಸ್, 2ಎಲ್ ಡೀಸೆಲ್ ಎಂಜಿನ್, 2446 ಸಿಸಿ. ಘಾಟಿ ಹತ್ತುವಾಗ ನೀಲಿ ಹೊಗೆ ಬಿಡೋಕೆ ಶುರುವಾಯ್ತು, ಆಯಿಲ್ ಕುಡಿಯೋದು ಹೆಚ್ಚಾಯ್ತು, ಆಯಿಲ್ ಮುಚ್ಚಳ ತೆಗೆದರೆ ಬುಸ್ಸಂತ ಗಾಳಿ. ಊರಿನ ಮೆಕ್ಯಾನಿಕ್ ಜೊತೆ ಸೇರಿ ಎಂಜಿನ್ ಇಳಿಸಿ ಪೂರ್ತಿ ಬಿಚ್ಚಿದ್ದೀವಿ. ಇನ್ನೂ ಏನನ್ನೂ ತೊಳೆದಿಲ್ಲ, ಬೋರಿಂಗ್‌ಗೂ (ಸವೆದ ಸಿಲಿಂಡರನ್ನ ಸ್ವಲ್ಪ ದೊಡ್ಡದಾಗಿ ಕೊರೆಸೋಕೆ) ಕಳಿಸಿಲ್ಲ.

ಗೊಂದಲ ಇರೋದು ಗುರುತುಗಳಲ್ಲಿ. ಬ್ಲಾಕ್ ಮೇಲೆ ಒಂದೊಂದು ಬೋರಿನ (ಪಿಸ್ಟನ್ ಓಡಾಡೋ ತೂತಿನ) ಪಕ್ಕ, ಮುಂದಿನಿಂದ ಎಣಿಸಿದರೆ 1, 2, 2, 1 ಅಂತ ಅಚ್ಚಾಗಿದೆ. ಪಿಸ್ಟನ್ ತಲೆಯ ಮಸಿ ಒರೆಸಿದರೆ ನಾಲ್ಕರಲ್ಲೂ 0.50 ಅಂತಿದೆ. ಕ್ರ್ಯಾಂಕ್ ಕೂರೋ ಮೇನ್ ಬೇರಿಂಗ್ ಶೆಲ್ (ಅರ್ಧ ಬಳೆಯಂಥ ತಗಡು) ಬೆನ್ನಲ್ಲಿ ಎಸ್‌ಟಿಡಿ, ಅಂದ್ರೆ ಸ್ಟ್ಯಾಂಡರ್ಡ್. ಹಳೇ ಹೆಡ್ ಗ್ಯಾಸ್ಕೆಟ್ ಅಂಚಲ್ಲಿ ಡಿ ಅಕ್ಷರ. ಮೂರನೇ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನ ಕ್ರ್ಯಾಂಕಿಗೆ ಸೇರಿಸೋ ಕೋಲು) ಮೇಲೆ ಅದರದ್ದೇ ಗುರುತಿನ ಜೊತೆಗೆ ಯಾರೋ ಸೆಂಟರ್ ಪಂಚ್‌ನಲ್ಲಿ ಹೊಡೆದ ಮೂರು ಚುಕ್ಕಿ.

ಮೆಕ್ಯಾನಿಕ್ ಹೇಳೋದು: "ಅದೆಲ್ಲ ಫ್ಯಾಕ್ಟರಿಯವರು ಜೋಡಿಸೋಕೆ ಹಾಕಿಕೊಂಡಿದ್ದು, ಒಂದ್ಸಲ ಬೋರ್ ಆದ್ಮೇಲೆ ಅದನ್ನೆಲ್ಲ ಮರೆತುಬಿಡಿ." ಇದು ಎಷ್ಟರಮಟ್ಟಿಗೆ ಸರಿ? ಬ್ಲಾಕ್ ಒಂದು ಹೇಳುತ್ತೆ, ಪಿಸ್ಟನ್ ಇನ್ನೊಂದು ಹೇಳುತ್ತೆ. ಯಾವುದನ್ನ ನಂಬಲಿ?

ಬೋರಿಂಗ್_ಬೆಂಚ್

ತೊಳೆಯೋಕೆ ಮುಂಚೆ ಕೇಳಿದ್ರಿ, ಬಹಳ ಒಳ್ಳೇದಾಯ್ತು. ಮೊದಲು ಎಲ್ಲದರ ಫೋಟೋ ತೆಗೀರಿ. ಬಿಸಿ ಕಾಸ್ಟಿಕ್ ತೊಟ್ಟಿಯಲ್ಲಿ ಬ್ಲಾಕ್ ಮುಳುಗಿಸಿದರೆ ಬಣ್ಣದಲ್ಲಿ ಹಾಕಿದ ಗುರುತು ಒಂದೂ ಉಳಿಯಲ್ಲ. ಪಿಸ್ಟನ್‌ಗಳನ್ನಂತೂ ಆ ತೊಟ್ಟಿಗೆ ಹಾಕಲೇಬೇಡಿ, ಅಲ್ಯೂಮಿನಿಯಂ ಕರಗುತ್ತೆ.

ಈಗ ನಿಮ್ಮ ಬ್ಲಾಕ್ ಕಥೆ. 2ಎಲ್‌ನ ಸ್ಟ್ಯಾಂಡರ್ಡ್ ಬೋರ್ 92 ಮಿಮೀ, ಸ್ಟ್ರೋಕೂ (ಪಿಸ್ಟನ್ ಮೇಲೆ ಕೆಳಗೆ ಓಡೋ ದೂರ) 92. ಫ್ಯಾಕ್ಟರಿಯಲ್ಲಿ ಹೋನಿಂಗ್ (ಬೋರಿನ ಗೋಡೆಗೆ ಕೊನೆಯ ನಯ ಉಜ್ಜು) ಮುಗಿದ ಮೇಲೆ ನಾಲ್ಕು ಬೋರೂ ಅಳತೆಯಲ್ಲಿ ಒಂದೇ ಥರ ಬರಲ್ಲ. ಅದಕ್ಕೆ ಪ್ರತಿ ಬೋರನ್ನೂ ಅಳೆದು ದರ್ಜೆ ಹಾಕ್ತಾರೆ: 92.00ರಿಂದ 92.01 ಒಳಗಿದ್ದರೆ 1, ಅಲ್ಲಿಂದ 92.02ರವರೆಗೆ 2, 92.03ರವರೆಗೆ 3. ಪಿಸ್ಟನ್‌ಗೂ ಅದೇ ಥರ 1, 2, 3. ಅದೇ ನಂಬರಿನ ಬೋರಿಗೆ ಅದೇ ನಂಬರಿನ ಪಿಸ್ಟನ್. ಮಧ್ಯದ ಸಂದು ಎಲ್ಲ ಸಿಲಿಂಡರಲ್ಲೂ ಒಂದೇ ಥರ ಇರಲಿ ಅಂತ ಈ ವ್ಯವಸ್ಥೆ.

ನಿಮ್ಮ ಪಿಸ್ಟನ್ ಮೇಲೆ 0.50 ಇದೆ ಅಂದ್ರೆ ಈ ಎಂಜಿನ್ ಹಿಂದೆ ಒಂದ್ಸಲ ಬೋರ್ ಆಗಿ ಅರ್ಧ ಮಿಮೀ ದೊಡ್ಡ ಪಿಸ್ಟನ್ ಬಿದ್ದಿದೆ. ಆ ದಿನವೇ 1, 2, 2, 1ಕ್ಕೆ ಬೆಲೆ ಹೋಯ್ತು. ಅವು ಅಳಿಸಿದ ಗೋಡೆಯ ಅಳತೆ. ಇಷ್ಟರಮಟ್ಟಿಗೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ.

ಆದರೆ "ಎಲ್ಲಾ ಮರೆತುಬಿಡಿ" ಅನ್ನೋದು ಅಪಾಯ. ಗುರುತು ಅಂದ್ರೆ ಎಲ್ಲಾ ಒಂದೇ ಜಾತಿ ಅಲ್ಲ. ಕೆಲವು ಅಳತೆ ಹೇಳ್ತವೆ, ಕೆಲವು ಜೋಡಿ ಹೇಳ್ತವೆ, ಕೆಲವು ದಿಕ್ಕು ಹೇಳ್ತವೆ. ಯಂತ್ರದ ಕೆಳಗೆ ಹೋದ ಜಾಗದ ಅಳತೆ ಗುರುತು ಸಾಯುತ್ತೆ. ಜೋಡಿ ಮತ್ತು ದಿಕ್ಕಿನ ಗುರುತು ಮಾತ್ರ ಆ ಎಂಜಿನ್ ಗುಜರಿಗೆ ಹೋಗೋವರೆಗೂ ಜೀವಂತ.

ಹುಬ್ಬಳ್ಳಿ_ಲಾರಿ

ಬೆಂಚ್ ಅವರು ಹೇಳಿದ್ದು ಖರೇ ಐತಿ. ಜೋಡಿ ವಿಷಯದಾಗ ನಾನೊಂದು ಮಾತು ಹೇಳ್ತೀನ್ರಿ. ಕನೆಕ್ಟಿಂಗ್ ರಾಡು, ಅದನ್ನ ಕ್ರ್ಯಾಂಕಿಗೆ ಬಿಗಿಯೋ ಕೆಳಗಿನ ಅರ್ಧ ಅಂದ್ರ ಕ್ಯಾಪು, ಎರಡೂ ಜೋಡೆತ್ತು ಇದ್ದಂಗ. ಫ್ಯಾಕ್ಟರಿಯಾಗ ಎರಡನ್ನೂ ಬೋಲ್ಟ್ ಬಿಗಿದೇ ಒಳಗಿನ ಗುಂಡು ಕೊರೀತಾರ. ಅದಕ್ಕ ಜಾಯಿಂಟ್ ಕೂಡೋ ಕಡೆ ಎರಡರ ಮ್ಯಾಲೂ ಒಂದೇ ನಂಬರ್ ಹೊಡದಿರ್ತಾರ, ಎರಡೂ ನಂಬರ್ ಒಂದೇ ಮಗ್ಗಲಿಗೆ ಬರಬೇಕು. ಎರಡನೇದರ ಕ್ಯಾಪು ಮೂರನೇದಕ್ಕ ಹಾಕಿದ್ರ ಬೋಲ್ಟ್ ಬಿಗಿ ಆಗತೈತಿ, ಕಣ್ಣಿಗೆ ಸರಿ ಕಾಣತೈತಿ, ಆದ್ರ ಒಳಗ ಗುಂಡು ಗುಂಡಾಗಿ ಇರೂದಿಲ್ಲ. ಶೆಲ್ ಒಂದು ಕಡೆ ಒತ್ತಿ ಹಿಡಿದು, ಆಯಿಲ್ ಪದರ ಹರದು, ಬೇರಿಂಗ್ ಸುಡತೈತಿ. ಲೋಡ್ ಹಾಕ್ಕೊಂಡು ಘಾಟ್ ಏರುವಾಗ ರಾಡ್ ಬ್ಲಾಕ್ ಒಡಕೊಂಡು ಹೊರಗ ಬಂದಿದ್ದು ನಮ್ಮ ಕಡೆ ಲಾರಿ ಮಂದಿ ಭಾಳ ನೋಡ್ಯಾರ.

ಕ್ಯಾಪ್ ತಿರುವಿ ಹಾಕೂದೂ ಅಷ್ಟೇ ಕೆಟ್ಟದ್ದು. ಶೆಲ್ ಕೂಡೋ ಕಚ್ಚು ರಾಡಿನದೂ ಕ್ಯಾಪಿನದೂ ಒಂದೇ ಮಗ್ಗಲಿಗೆ ಇರತಾವು. ನಂಬರ್ ಮಸುಕಾಗಿದ್ರ ಕಚ್ಚು ನೋಡ್ರಿ.

ನಮ್ಮ ಟಾಟಾ ಗಾಡಿಗಳೊಳಗ ಇನ್ನೊಂದು ಚೊಲೋ ವಿಷಯ ಐತಿ, ಎಂಜಿನ್ ಹೆಸರಿನಾಗೇ ಬೋರ್ ಬರದಿರತಾರ. 697 ಅಂದ್ರ ಆರು ಸಿಲಿಂಡರ್, 97 ಮಿಮೀ ಬೋರ್. ಸ್ಟ್ರೋಕ್ 128, ಗುಣಿಸಿ ನೋಡ್ರಿ, 5675 ಸಿಸಿ ಬರತೈತಿ. ಅದಕ್ಕಿಂತ ಹಳೇ 692ಗೆ 92 ಮಿಮೀ. ಅದೇ 97 ಬೋರಿಗೆ ನಾಲ್ಕೇ ಸಿಲಿಂಡರ್ ಇದ್ರ 497. ಸುಮೋದ 483ಗೆ 83 ಮಿಮೀ, 1948 ಸಿಸಿ. ಇಂಡಿಕಾದ 475ಗೆ 75 ಮಿಮೀ, 1405 ಸಿಸಿ. ಪಿಸ್ಟನ್ ತರಾಕ ಹೋದಾಗ ಅಂಗಡಿಯವ ತಪ್ಪು ಡಬ್ಬಿ ಕೊಟ್ರ ಕ್ಯಾಲಿಪರ್ ಹಿಡಿದು ಅಲ್ಲೇ ಹೇಳಬಹುದು.

ಹಳೇ_ಸ್ಪ್ಯಾನರ್

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ. ಇಪ್ಪತ್ತು ವರ್ಷ ಓಡಿದ ಎಂಜಿನ್ ಒಳಗೆ ಯಾರ್ಯಾರ ಕೈ ಹೋಗಿದೆಯೋ ಯಾರಿಗೆ ಗೊತ್ತು? ಫ್ಯಾಕ್ಟರಿ ಹಾಕಿದ ಗುರುತು ಸತ್ಯವೇ ಇರಬಹುದು, ಆದರೆ ಆ ಗುರುತಿರೋ ಭಾಗ ಇದೇ ಎಂಜಿನ್ನಿನದು ಅಂತ ಯಾರು ಹೇಳಿದ್ರು? ಗುಜರಿಯಿಂದ ತಂದ ರಾಡು, ಬೇರೆ ಗಾಡಿಯ ಕ್ರ್ಯಾಂಕು, ಇವೆಲ್ಲ ಒಳಗೆ ಸೇರಿರುತ್ತವೆ. ಮೈಕ್ರೋಮೀಟರ್, ಬೋರ್ ಗೇಜ್, ಡಯಲ್ ಗೇಜ್ ಈ ಮೂರಿಲ್ಲದೆ ಗುರುತು ಓದಿ ಜೋಡಿಸಿದರೆ ಪಂಚಾಂಗ ನೋಡಿ ಕೊಡೆ ಹಿಡಿದ ಹಾಗೆ ಅಂತ ನನ್ನ ಗುರುಗಳು ಬೈಯ್ಯೋರು. ನಮ್ಮ ಸ್ನೇಹಿತರು ಮೊದಲು ಅಳೀಲಿ, ಆಮೇಲೆ ಓದಲಿ.

ಬೋರಿಂಗ್_ಬೆಂಚ್

ಸ್ಪ್ಯಾನರ್ ಸರ್, ಅಳೆಯೋದಕ್ಕೆ ನನ್ನದು ಎರಡು ಮಾತಿಲ್ಲ. ಆದರೆ ಓದೋದು ಮೊದಲು ಅಂತೀನಿ, ಕಾರಣ ಇದೆ. ಅಳತೆ ನಾಳೆಯೂ ಸಿಗುತ್ತೆ. ಗುರುತು ಒಂದ್ಸಲ ಸರ್ಫೇಸ್ ಗ್ರೈಂಡಿಂಗ್ ಕಲ್ಲಿನ ಕೆಳಗೆ ಹೋದರೆ ಮತ್ತೆ ಸಿಗಲ್ಲ. ಇನ್ನೊಂದು, ಗುರುತಿಗೂ ಅಳತೆಗೂ ಹೊಂದಲಿಲ್ಲ ಅಂದ್ರೆ ಆ ಹೊಂದದಿರೋದೇ ಎಂಜಿನ್ನಿನ ಚರಿತ್ರೆ ಹೇಳುತ್ತೆ. ಬ್ಲಾಕ್ ಮೇಲೆ 1, ಪಿಸ್ಟನ್ ಮೇಲೆ 0.50 ಅಂತ ಕಂಡಿದ್ದಕ್ಕೇ ತಾನೆ ಹಿಂದೊಮ್ಮೆ ಬೋರ್ ಆಗಿದೆ ಅಂತ ನಮಗೆ ಗೊತ್ತಾಗಿದ್ದು. ಬರೀ ಬೋರ್ ಗೇಜ್ ಹಿಡಿದಿದ್ದರೆ 92.6 ಅಂತ ಬಂದಾಗ ಇದು ಸವೆತವೋ ಓವರ್‌ಸೈಜೋ ಅಂತ ತಲೆ ಕೆರೆದುಕೊಳ್ಳಬೇಕಿತ್ತು.

ಮಸ್ಕತ್_ಮೆಕ್ಯಾನಿಕ್

ಇಲ್ಲಿ ಲ್ಯಾಂಡ್‌ಕ್ರೂಸರ್‌ಗಳ 1ಎಚ್‌ಝಡ್ ನಮ್ಮ ದಿನದ ಅನ್ನ. ಟೊಯೊಟಾ ಎಂಜಿನ್ ಮೇನ್ ಬೇರಿಂಗ್ ಬಗ್ಗೆ ಒಂದು ಮಾತು, ಕ್ವಾಲಿಸ್‌ನವರಿಗೂ ಉಪಯೋಗಕ್ಕೆ ಬರಬಹುದು.

ಟೊಯೊಟಾದ ಹಲವು ಎಂಜಿನ್‌ಗಳಲ್ಲಿ ಬ್ಲಾಕ್ ಮೇಲೆ ಪ್ರತಿ ಮೇನ್ ಜರ್ನಲ್‌ಗೂ (ಬೇರಿಂಗ್ ಒಳಗೆ ತಿರುಗೋ ಕ್ರ್ಯಾಂಕಿನ ದುಂಡು ಭಾಗ) ಒಂದು ಅಂಕಿ, ಕ್ರ್ಯಾಂಕ್ ಮೇಲೆ ಅದೇ ಜರ್ನಲ್‌ಗೆ ಇನ್ನೊಂದು ಅಂಕಿ ಇರುತ್ತೆ. ಎರಡನ್ನೂ ಕೂಡಿಸಿ, ಬಂದ ಮೊತ್ತವನ್ನ ಮ್ಯಾನ್ಯುಅಲ್ ಪಟ್ಟಿಯಲ್ಲಿ ನೋಡಿದರೆ ಯಾವ ದಪ್ಪದ ಶೆಲ್ ಅಂತ ಸಿಗುತ್ತೆ. ಬ್ಲಾಕಿನ ತೂತು ದೊಡ್ಡದಾದಷ್ಟೂ ಅಂಕಿ ದೊಡ್ಡದು, ಜರ್ನಲ್ ಸಣ್ಣದಾದಷ್ಟೂ ಅಂಕಿ ದೊಡ್ಡದು. ಹಾಗಾಗಿ ಮೊತ್ತ ದೊಡ್ಡದಿದ್ದರೆ ಸಂದು ದೊಡ್ಡದು, ಶೆಲ್ ದಪ್ಪದ್ದು ಬೇಕು. ಒಂದೇ ಕ್ರ್ಯಾಂಕಿನ ಬೇರೆ ಬೇರೆ ಜರ್ನಲ್‌ಗೆ ಬೇರೆ ಬೇರೆ ನಂಬರ್ ಶೆಲ್ ಬಂದರೆ ಗಾಬರಿ ಬೇಡ, ಅದು ಹಾಗೇ ಇರೋದು.

ಕ್ರ್ಯಾಂಕ್ ಗ್ರೈಂಡ್ ಮಾಡಿಸಿದ ಕ್ಷಣಕ್ಕೆ ಕ್ರ್ಯಾಂಕಿನ ಅಂಕಿಗೆ ಅರ್ಥ ಇಲ್ಲ. ಆಗ ಶೆಲ್ ಬೆನ್ನಲ್ಲಿ 0.25 ಅಥವಾ 0.50 ಅಂತ ಇರೋದು ಬರುತ್ತೆ. ನಿಮ್ಮ ಶೆಲ್‌ನಲ್ಲಿ ಎಸ್‌ಟಿಡಿ ಇರೋದ್ರಿಂದ ಕ್ರ್ಯಾಂಕಿಗೆ ಇನ್ನೂ ಕಲ್ಲು ಮುಟ್ಟಿಲ್ಲ ಅನ್ಸುತ್ತೆ. ಆದರೂ ಜರ್ನಲ್ ಅಳೀರಿ.

ಮಲ್ನಾಡ್_ಕ್ವಾಲಿಸ್

ಬಹಳ ಉಪಕಾರ ಆಯ್ತು. ಎರಡು ಪ್ರಶ್ನೆ. ಪಿಸ್ಟನ್ ತಲೆಯಲ್ಲಿ ಅಂಚಿನ ಹತ್ತಿರ ಒಂದು ಸಣ್ಣ ಗುಳಿ ಇದೆ, ಅದು ರೇಡಿಯೇಟರ್ ಕಡೆ ಇತ್ತು. ಯಾವಾಗಲೂ ಮುಂದಕ್ಕೇನಾ? ಮತ್ತೆ ರಾಡ್ ಮೇಲಿನ ಆ ಮೂರು ಚುಕ್ಕಿಯಿಂದ ತೊಂದರೆ ಏನಾದರೂ ಇದೆಯಾ?

ಡಸ್ಟರ್_ಮಂಗಳೂರು

ಪಿಸ್ಟನ್ ಗುಳಿ, ಬಾಣ, "ಫ್ರಂಟ್" ಅನ್ನೋ ಅಕ್ಷರ, ಇವು ನಿಮ್ಮ ಎಂಜಿನ್ನಲ್ಲಿ ಮುಂದಕ್ಕೇ, ಅಂದ್ರೆ ಟೈಮಿಂಗ್ ಬೆಲ್ಟ್ ಕಡೆಗೇ. ಆದರೆ "ಯಾವಾಗಲೂ" ಅಂತ ಕೇಳಿದ್ರಿ, ಅದಕ್ಕೆ ಉತ್ತರ: ಇಲ್ಲ. ರೆನೋದ ಕೆ9ಕೆ 1461 ಸಿಸಿ ಡೀಸೆಲ್ ನಮ್ಮಲ್ಲಿ ಲೋಗನ್, ಡಸ್ಟರ್, ನಿಸ್ಸಾನ್ ಮೈಕ್ರಾ, ಸನ್ನಿ ಎಲ್ಲದರಲ್ಲೂ ಬಂತು. ಅದರಲ್ಲಿ ಪಿಸ್ಟನ್ ಬಾಣ ಫ್ಲೈವೀಲ್ ಕಡೆಗೆ ಇರಬೇಕು. ಒಂದನೇ ಸಿಲಿಂಡರ್ ಎಣಿಸೋದೂ ಫ್ಲೈವೀಲ್ ಕಡೆಯಿಂದಲೇ. ಟಾಟಾ, ಟೊಯೊಟಾದಲ್ಲಿ ಕೈ ಪಳಗಿದವರು ಅಭ್ಯಾಸಬಲದಲ್ಲಿ ಬೆಲ್ಟ್ ಕಡೆಯಿಂದ ಒಂದು ಅಂತ ಬರೆದುಕೊಂಡುಬಿಡ್ತಾರೆ. ಆಮೇಲೆ ನಾಲ್ಕನೇದು ಒಂದನೇದಾಗಿ, ಇಂಜೆಕ್ಟರ್ ಕೋಡ್ ಕಂಪ್ಯೂಟರಿಗೆ ಹಾಕುವಾಗ ಎಲ್ಲಾ ತಲೆಕೆಳಗು.

ದಿಕ್ಕು ಯಾಕೆ ಅಷ್ಟು ಮುಖ್ಯ ಅಂದ್ರೆ, ಪಿಸ್ಟನ್ ನೋಡೋಕೆ ಗುಂಡಗಿದ್ದರೂ ಎರಡೂ ಕಡೆ ಸಮ ಇರಲ್ಲ. ಪಿನ್ ತೂತನ್ನ ಎಷ್ಟೋ ಎಂಜಿನ್‌ಗಳಲ್ಲಿ ಮಧ್ಯದಿಂದ ಸ್ವಲ್ಪವೇ ಪಕ್ಕಕ್ಕೆ ಸರಿಸಿರ್ತಾರೆ, ಪಿಸ್ಟನ್ ಗೋಡೆಗೆ ಬಡಿಯೋ ಸದ್ದು ಕಮ್ಮಿಯಾಗಲಿ ಅಂತ. ತಲೆಯ ಮೇಲೆ ವಾಲ್ವಿಗೆ ಜಾಗ ಬಿಟ್ಟಿದ್ದರೆ ಅದು ವಾಲ್ವಿನ ಕೆಳಗೇ ಬರಬೇಕು. ತಿರುವಿ ಹಾಕಿದರೆ ಒಳ್ಳೇ ಕಾಲದಲ್ಲಿ ಟಕಟಕ ಸದ್ದು, ಕೆಟ್ಟ ಕಾಲದಲ್ಲಿ ವಾಲ್ವ್ ಪಿಸ್ಟನ್‌ಗೆ ತಾಗುತ್ತೆ.

ರಿಂಗ್‌ಗೂ ಇದೇ ಮಾತು. "ಟಾಪ್" ಅಂತಲೋ, ತಯಾರಕರ ಅಕ್ಷರವೋ, ಒಂದು ಚುಕ್ಕಿಯೋ ಇರೋ ಮಗ್ಗುಲು ಮೇಲೆ. ಎರಡನೇ ರಿಂಗಿನ ಮುಖ ಸಾಮಾನ್ಯವಾಗಿ ಓರೆ ಇರುತ್ತೆ, ಕೆಳಗೆ ಬರುವಾಗ ಆಯಿಲ್ ಕೆರೆದು ತರೋಕೆ. ಅದನ್ನ ಬುಡಮೇಲು ಹಾಕಿದರೆ ಆಯಿಲನ್ನ ಮೇಲಕ್ಕೆ ಒತ್ತುತ್ತೆ. ಹೊಸ ಬೋರು, ಹೊಸ ಪಿಸ್ಟನ್, ಆದರೂ ನೀಲಿ ಹೊಗೆ ನಿಲ್ಲಲಿಲ್ಲ ಅಂತ ಬರೋ ಗಾಡಿಗಳಲ್ಲಿ ಇದನ್ನೂ ನೋಡಬೇಕು.

ಹಳೇ_ಸ್ಪ್ಯಾನರ್

ಮೂರು ಚುಕ್ಕಿ ಹಿಂದೆ ಬಿಚ್ಚಿದ ಮೆಕ್ಯಾನಿಕ್‌ದು. ಫ್ಯಾಕ್ಟರಿ ನಂಬರ್ ಮಸಿಯಲ್ಲಿ ಮುಚ್ಚಿತ್ತೇನೋ, ತನ್ನ ನೆನಪಿಗೆ ಹೊಡೆದುಕೊಂಡಿದ್ದಾನೆ. ಚುಕ್ಕಿ ಎಲ್ಲಿದೆ ಅನ್ನೋದೇ ಮುಖ್ಯ. ಬಿಗ್ ಎಂಡಿನ (ಕ್ರ್ಯಾಂಕ್ ಕಡೆಯ ದೊಡ್ಡ ತುದಿ) ದಪ್ಪ ಜಾಗದಲ್ಲಿ, ಜಾಯಿಂಟ್ ಪಕ್ಕದ ಚಪ್ಪಟೆ ಮೈಮೇಲೆ ಇದ್ದರೆ ಬಿಡಿ. ರಾಡಿನ ಉದ್ದ ಕಾಲಿನ ಮೇಲೆ, ಇಲ್ಲವೇ ಕಾಲು ಬಿಗ್ ಎಂಡಿಗೆ ಸೇರೋ ತಿರುವಿನಲ್ಲಿ ಇದ್ದರೆ ಆ ರಾಡನ್ನ ನಾನಾದರೆ ಮತ್ತೆ ಹಾಕಲ್ಲ. ನಿಮಿಷಕ್ಕೆ ಸಾವಿರಾರು ಸಲ ಎಳೆದು ಒತ್ತೋ ಭಾಗ ಅದು. ಪಂಚ್ ಹೊಡೆದ ಗುಳಿಯಿಂದಲೇ ಬಿರುಕು ಹುಟ್ಟುತ್ತೆ.

ಈಗಿನ ಕಾಮನ್‌ರೈಲ್ ಎಂಜಿನ್‌ಗಳಲ್ಲಿ ಎಷ್ಟೋ ಕಡೆ ರಾಡನ್ನ ಇಡಿಯಾಗಿ ಮಾಡಿ, ಆಮೇಲೆ ಕ್ಯಾಪನ್ನ ಮುರಿದು ಬೇರ್ಪಡಿಸಿರ್ತಾರೆ. ಮುರಿದ ಮೈ ಒರಟೊರಟಾಗಿ ಕಾಣುತ್ತೆ. ಆ ಒರಟು ಮೈ ತನ್ನ ಜೋಡಿಗೆ ಬಿಟ್ಟು ಬೇರೆ ಯಾವುದಕ್ಕೂ ಕೂರಲ್ಲ. ಅದಕ್ಕೆ ಅರ ಹಾಕೋದು, ಪಂಚ್ ಹೊಡೆಯೋದು, ಆ ಮುಖದ ಮೇಲೆ ನೆಲದಲ್ಲಿ ನಿಲ್ಲಿಸೋದು, ಯಾವುದೂ ಕೂಡದು. ಗುರುತು ಬೇಕಿದ್ದರೆ ಪೇಂಟ್ ಪೆನ್ನು ಸಾಕು.

ಮೇನ್ ಕ್ಯಾಪ್‌ಗೂ ನಂಬರ್ ಮತ್ತು ಬಾಣ ಇರುತ್ತೆ, ಗಮನಿಸಿ. ಬ್ಲಾಕಿಗೆ ಬಿಗಿದೇ ಸಾಲಾಗಿ ಕೊರೆದಿರ್ತಾರೆ. ಬೇರೆ ಬ್ಲಾಕಿನ ಕ್ಯಾಪ್ ತಂದರೆ ಲೈನ್ ಬೋರಿಂಗ್ ಮಾಡಿಸಲೇಬೇಕು.

ತೋಟದ_ಪಂಪು

ದೊಡ್ಡ ಎಂಜಿನ್‌ಗಳ ಮಧ್ಯೆ ನಮ್ಮ ಪಂಪ್‌ಸೆಟ್ಟಿಗೂ ಸ್ವಲ್ಪ ಜಾಗ ಕೊಡಿ. ಕಿರ್ಲೋಸ್ಕರ್ ಎವಿ1, 5 ಎಚ್‌ಪಿ, 1500 ಆರ್‌ಪಿಎಂ, 80 ಬೋರು, 110 ಸ್ಟ್ರೋಕು, 553 ಸಿಸಿ. ಕೊಳವೆ ಬಾವಿ ಬರೋಕೆ ಮುಂಚೆ ತೆರೆದ ಬಾವಿ, ಹೊಳೆದಂಡೆಗಳಲ್ಲಿ ಇದರದ್ದೇ ಸದ್ದು. ನಮ್ಮದರ ಫ್ಲೈವೀಲ್ ಮೇಲಿನ ಗೆರೆಗಳು ತುಕ್ಕು ಹಿಡಿದು ಮಾಯವಾಗಿವೆ. ಟಿಡಿಸಿ (ಪಿಸ್ಟನ್ ತೀರಾ ಮೇಲೆ ಬರೋ ಜಾಗ) ಯಾವುದು, ಡೀಸೆಲ್ ಚಿಮ್ಮೋ ಗೆರೆ ಯಾವುದು ಅಂತ ಹೇಗೆ ಕಂಡುಹಿಡಿಯೋದು?

ಎಫ್‌ಐಪಿ_ಕ್ಯಾಲಿಬ್ರೇಟರ್

ಇದು ನನ್ನ ಕ್ಷೇತ್ರ, ನಿಧಾನಕ್ಕೆ ಹೇಳ್ತೀನಿ.

ಪಿಸ್ಟನ್ ತುದಿ ಮುಟ್ಟಿದಾಗ ಫ್ಲೈವೀಲ್ ಸ್ವಲ್ಪ ತಿರುಗಿದರೂ ಪಿಸ್ಟನ್ ಅಲ್ಲಾಡಲ್ಲ, ಹಾಗಾಗಿ ಕಣ್ಣಂದಾಜಿನಲ್ಲಿ ಟಿಡಿಸಿ ಸಿಗಲ್ಲ. ಹೆಡ್ ಇಳಿಸಿದ್ದರೆ ಪಿಸ್ಟನ್ ಮೇಲೆ ಡಯಲ್ ಗೇಜ್ ಇಡಿ. ಪಿಸ್ಟನ್ ಮೇಲೆ ಬರುವಾಗ, ತುದಿಗೆ 2 ಮಿಮೀ ಬಾಕಿ ಇದ್ದಾಗ ಫ್ಲೈವೀಲ್ ಮೇಲೆ ಒಂದು ಸೀಮೆಸುಣ್ಣದ ಗೆರೆ. ತುದಿ ದಾಟಿ ಕೆಳಗೆ 2 ಮಿಮೀ ಇಳಿದಾಗ ಇನ್ನೊಂದು. ಈ ಎರಡು ಗೆರೆಗಳ ನಟ್ಟನಡುವೆ ಟಿಡಿಸಿ. ಅದನ್ನ ಉಳಿಯಿಂದ ಶಾಶ್ವತ ಮಾಡಿಕೊಳ್ಳಿ.

ಇಂಜೆಕ್ಷನ್ ಗೆರೆಗೆ ಡಿಗ್ರಿ ಬೇಕು. ಅದು ನಿಮ್ಮ ಮಾಡೆಲ್ಲಿನ ಪುಸ್ತಕದಲ್ಲಿರುತ್ತೆ. ಇದೇ ಕುಟುಂಬದ ಟಿವಿ1, ಅಂದ್ರೆ ಎಂಜಿನಿಯರಿಂಗ್ ಕಾಲೇಜು ಲ್ಯಾಬ್‌ಗಳಲ್ಲಿ ಪ್ರಯೋಗಕ್ಕೆ ಇಟ್ಟಿರೋ 87.5 ಮಿಮೀ ಬೋರಿನ ಎಂಜಿನ್ನಿಗೆ ಟಿಡಿಸಿಗಿಂತ 23 ಡಿಗ್ರಿ ಮುಂಚೆ. ಡಿಗ್ರಿಯನ್ನ ಮಿಮೀಗೆ ತರೋದು ಸುಲಭ. ಫ್ಲೈವೀಲ್ ಸುತ್ತಳತೆಯನ್ನ ಟೇಪಿನಿಂದ ಅಳೆದು 360ರಿಂದ ಭಾಗಿಸಿ. ಸುತ್ತಳತೆ 1800 ಮಿಮೀ ಅಂತ ಇಟ್ಟುಕೊಂಡರೆ ಡಿಗ್ರಿಗೆ 5 ಮಿಮೀ, 23 ಡಿಗ್ರಿಗೆ 115 ಮಿಮೀ. ಟಿಡಿಸಿ ಗೆರೆಯಿಂದ ಅಷ್ಟು ದೂರ ಅಳೆದು ಗೆರೆ ಹಾಕಿ. ಯಾವ ಕಡೆ ಅನ್ನೋದು ಸರಿಯಾಗಿರಲಿ: ಎಂಜಿನ್ ತಿರುಗೋ ದಿಕ್ಕಿಗೆ ಕೈಯಲ್ಲಿ ತಿರುಗಿಸಿದಾಗ ಈ ಗೆರೆ ಮೊದಲು ಬಂದು ಟಿಡಿಸಿ ಆಮೇಲೆ ಬರಬೇಕು.

ಪಂಪನ್ನ ಈ ಗೆರೆಗೆ ಹೊಂದಿಸೋದು ಸ್ಪಿಲ್ ವಿಧಾನದಲ್ಲಿ. ಪಂಪಿನ ಡೆಲಿವರಿ ವಾಲ್ವ್ ತೆಗೆದು, ಹಂಸದ ಕೊರಳಿನಂಥ ಪೈಪ್ ಹಾಕಿ, ರಾಕನ್ನ (ಡೀಸೆಲ್ ಹೆಚ್ಚು ಕಮ್ಮಿ ಮಾಡೋ ಕಡ್ಡಿ) ಫುಲ್ ಡೀಸೆಲ್ ಸ್ಥಾನದಲ್ಲಿಟ್ಟು ಫ್ಲೈವೀಲ್ ನಿಧಾನಕ್ಕೆ ತಿರುಗಿಸಿ. ಸುರೀತಿದ್ದ ಡೀಸೆಲ್ ತೊಟ್ಟಿಕ್ಕಿ, ನಿಲ್ಲೋ ಜಾಗವೇ ಇಂಜೆಕ್ಷನ್ ಶುರುವಾಗೋ ಜಾಗ. ಗೆರೆಗಿಂತ ಮುಂಚೆ ನಿಂತರೆ ಪಂಪಿನ ಕೆಳಗೆ ಶಿಮ್ (ತೆಳು ತಗಡು) ಸೇರಿಸಿ, ತಡವಾಗಿ ನಿಂತರೆ ಶಿಮ್ ತೆಗೀರಿ. ಶಿಮ್ ಸೇರಿಸಿದಷ್ಟೂ ಪಂಪಿನ ಮೈ ಮೇಲೇರುತ್ತೆ, ಪ್ಲಂಜರ್ ತೂತು ಮುಚ್ಚೋದು ತಡವಾಗುತ್ತೆ. ಹಳೇ ಶಿಮ್‌ಗಳನ್ನ ಬಿಚ್ಚುವಾಗಲೇ ಒಂದು ತಂತಿಗೆ ಪೋಣಿಸಿಡಿ.

ಎಫ್‌ಐಪಿ_ಕ್ಯಾಲಿಬ್ರೇಟರ್

ಇದೇ ಉಸಿರಿನಲ್ಲಿ ಪಂಪಿನ ಪ್ಲೇಟ್ ಓದೋದನ್ನೂ ಹೇಳಿಬಿಡ್ತೀನಿ, ಯಾಕಂದ್ರೆ ಓವರ್‌ಹಾಲ್ ಮಾಡಿಸೋರು ಎಂಜಿನ್ ನಂಬರ್ ಬರೆದುಕೊಂಡು ಬರ್ತಾರೆ, ಪಂಪಿನ ನಂಬರ್ ಯಾರೂ ಬರೆದುಕೊಳ್ಳಲ್ಲ. 1951ರಲ್ಲಿ ಶುರುವಾದ ಮೈಕೋ, 2008ರಲ್ಲಿ ಬಾಷ್ ಲಿಮಿಟೆಡ್ ಅಂತಾಯ್ತು. ಆಡುಗೋಡಿಯ ಆ ಹೆಸರಿರೋ ಪಂಪು, ನಾಜಲ್ ದೇಶದ ಎಷ್ಟೋ ಲಾರಿ, ಟ್ರ್ಯಾಕ್ಟರ್ ಮೇಲಿವೆ. ಬಾಷ್ ಸಂಕೇತ ಒಂದ್ಸಲ ತಿಳಿದರೆ ಯಾವ ಪಂಪು ಎದುರಿಗಿಟ್ಟರೂ ಓದಬಹುದು.

ಪಿಇಎಸ್ 6ಎ 90ಡಿ ಅಂತ ಶುರುವಾದರೆ: ಪಿ ಅಂದ್ರೆ ಪಂಪು. ಇ ಅಂದ್ರೆ ಕ್ಯಾಮ್‌ಶಾಫ್ಟ್ ಪಂಪಿನ ಒಳಗೇ ಇದೆ. ಎಸ್ ಅಂದ್ರೆ ಮುಂಭಾಗದ ಫ್ಲಾಂಜ್‌ನಿಂದ ಕೂರುತ್ತೆ. 6 ಸಿಲಿಂಡರ್. ಎ ಅನ್ನೋದು ಪಂಪಿನ ಗಾತ್ರ. 90 ಅಂದ್ರೆ ಪ್ಲಂಜರ್ 9.0 ಮಿಮೀ. ಕೊನೆಯ ಕಡೆ ಬರೋ ಆರ್ ಅಥವಾ ಎಲ್ ತಿರುಗೋ ದಿಕ್ಕು, ಡ್ರೈವ್ ಕಡೆಯಿಂದ ನೋಡಿದಾಗ ಬಲಕ್ಕೋ ಎಡಕ್ಕೋ. ಪಂಪ್‌ಸೆಟ್ಟಿನದು ಪಿಎಫ್‌ನಿಂದ ಶುರುವಾಗುತ್ತೆ, ಅಲ್ಲಿ ಕ್ಯಾಮ್ ಎಂಜಿನ್ ಒಳಗಿರುತ್ತೆ. ವಿಇ 4/9 ಎಫ್ 2100 ಆರ್ ಅಂತಿದ್ದರೆ ಅದು ಡಿಸ್ಟ್ರಿಬ್ಯೂಟರ್ ಪಂಪು, 4 ಸಿಲಿಂಡರ್, 9 ಮಿಮೀ ಪ್ಲಂಜರ್, ತೂಕದ ಗುಂಡಿನ ಗವರ್ನರ್, 2100 ಆರ್‌ಪಿಎಂ. ಈ 2100 ಪಂಪಿನದು. ಫೋರ್ ಸ್ಟ್ರೋಕಿನಲ್ಲಿ ಪಂಪು ಅರ್ಧ ವೇಗದಲ್ಲಿ ತಿರುಗೋದರಿಂದ ಎಂಜಿನ್ನಿಗೆ 4200. ಇದು ಗೊತ್ತಿಲ್ಲದೆ ಗವರ್ನರ್ ಬಿಗಿ ಮಾಡಿ ಎಂಜಿನ್ ಹಾರಿಸಿಕೊಂಡವರಿದ್ದಾರೆ.

ನಾಜಲ್ ಮೇಲೆ ಡಿಎಲ್‌ಎಲ್‌ಎ 150 ಅಂತಿದ್ದರೆ ಅದು ಉದ್ದ ಮೂತಿಯ ಹೋಲ್ ಟೈಪ್ ನಾಜಲ್, 150 ಅನ್ನೋದು ಡೀಸೆಲ್ ಹರಡೋ ಕೋನ. ನೂರೈವತ್ತರ ಜಾಗಕ್ಕೆ ಬೇರೆ ಕೋನದ್ದು ಹಾಕಿದರೂ ಹೊಂದಿಕೊಂಡು ಕೂರುತ್ತೆ. ಆದರೆ ಡೀಸೆಲ್ ಪಿಸ್ಟನ್ನಿನ ಗುಂಡಿಗೆ ಬೀಳೋ ಬದಲು ಅಂಚಿಗೆ ಬಡಿದು ಪಿಸ್ಟನ್ ಸುಡುತ್ತೆ.

ಹುಬ್ಬಳ್ಳಿ_ಲಾರಿ

ಟೈಮಿಂಗ್ ಗೇರ್ ಬಗ್ಗೆ ಯಾರೂ ಹೇಳ್ಲಿಲ್ಲಲ್ರಿ. ಐಡ್ಲರ್ ಗೇರ್ (ಕ್ರ್ಯಾಂಕ್, ಕ್ಯಾಮ್ ಗೇರುಗಳ ನಡುವಿನ ಗೇರ್) ಇದ್ದ ಎಂಜಿನ್ನಿಗೆ ಚುಕ್ಕಿಗೆ ಚುಕ್ಕಿ ಕೂಡಿಸಿ ಹಾಕಿ, ಆಮ್ಯಾಲೆ ಎರಡು ಸುತ್ತು ತಿರುವಿ ನೋಡಿದ್ರ ಚುಕ್ಕಿ ಕೂಡೂದಿಲ್ಲ. ಹೊಸ ಹುಡುಗರು ಹೆದರಿ ಮತ್ತ ಎಲ್ಲಾ ಬಿಚ್ಚತಾರ. ಬಿಚ್ಚಬ್ಯಾಡ್ರಿ. ಐಡ್ಲರ್ ಹಲ್ಲಿನ ಲೆಕ್ಕ ಬ್ಯಾರೆ ಇರತೈತಿ. ಉದಾಹರಣೆಗೆ ಕ್ರ್ಯಾಂಕ್ ಗೇರ್ 30 ಹಲ್ಲು, ಐಡ್ಲರ್ 37, ಕ್ಯಾಮ್ 60 ಅಂತ ಇಟಗೋರಿ. ಎಲ್ಲಾ ಚುಕ್ಕಿ ಮತ್ತ ಒಟ್ಟಿಗೆ ಕೂಡಾಕ ಕ್ರ್ಯಾಂಕ್ 74 ಸುತ್ತು ತಿರುಗಬೇಕು. ಕ್ರ್ಯಾಂಕಿನ ಟಿಡಿಸಿ, ಒಂದನೇ ಸಿಲಿಂಡರ್ ವಾಲ್ವು ಎರಡೂ ಸರಿ ಇದ್ರ ಟೈಮಿಂಗ್ ಸರಿ ಐತಿ ಅಂತನ ತಿಳೀರಿ.

ಮಲ್ನಾಡ್_ಕ್ವಾಲಿಸ್

ಅಳತೆ ಆಯ್ತು. ಬೋರ್ ಗೇಜ್‌ನಲ್ಲಿ ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಲ್ಲಿ ನೋಡಿದ್ವಿ. ಕೆಳಗಡೆ ಸವೆಯದ ಜಾಗದಲ್ಲಿ 92.5 ಹತ್ತಿರವೇ, ಅಂದ್ರೆ ಬೆಂಚ್ ಅವರು ಹೇಳಿದ ಹಾಗೇ 0.50 ಓವರ್‌ಸೈಜ್. ಮೇಲಿನ ರಿಂಗ್ ನಿಲ್ಲೋ ಕಡೆ ಎರಡನೇ ಬೋರು 92.71, ಮೂರನೇದು 92.69. ಕ್ರ್ಯಾಂಕ್ ಜರ್ನಲ್ ಎಲ್ಲಾ ಸ್ಟ್ಯಾಂಡರ್ಡ್ ಮಿತಿಯಲ್ಲೇ ಇವೆ. ರಾಡಿನ ಮೂರು ಚುಕ್ಕಿ ಬಿಗ್ ಎಂಡಿನ ಚಪ್ಪಟೆ ಜಾಗದಲ್ಲಿವೆ. ಆದರೂ ಬಿರುಕು ಪರೀಕ್ಷೆ ಮಾಡಿಸಿದೆ, ಏನೂ ಇಲ್ಲ. ಅದೇ ರಾಡು, ಅದೇ ಕ್ಯಾಪು, ಅದೇ ಜಾಗ.

1.00 ಪಿಸ್ಟನ್ ಸಿಕ್ಕಿದೆ, ಬೋರಿಂಗ್‌ಗೆ ಕೊಡ್ತಾ ಇದ್ದೀವಿ. ಬ್ಲಾಕ್ ಮೇಲ್ಮೈಯಲ್ಲಿ ಎರಡು ಬೋರಿನ ನಡುವೆ ಸಣ್ಣ ತಗ್ಗಿದೆ, ಸ್ವಲ್ಪ ಗ್ರೈಂಡ್ ಮಾಡಬೇಕು ಅಂತಿದ್ದಾರೆ. ಹಳೇದು ಡಿ ಗ್ಯಾಸ್ಕೆಟ್ ಇತ್ತಲ್ಲ, ಮತ್ತೆ ಡಿ ತರಲಾ?

ಬೋರಿಂಗ್_ಬೆಂಚ್

ಈಗಲೇ ತರಬೇಡಿ. ಈ ಎಂಜಿನ್ನಲ್ಲಿ ಟಿಡಿಸಿಯಲ್ಲಿ ಪಿಸ್ಟನ್ ಬ್ಲಾಕಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಬರುತ್ತೆ. ಎಷ್ಟು ಮೇಲೆ ಬರುತ್ತೆ ಅನ್ನೋದರ ಮೇಲೆ ಮೂರು ದಪ್ಪದ ಗ್ಯಾಸ್ಕೆಟ್: ಬಿ ತೆಳು, ಡಿ ಮಧ್ಯಮ, ಎಫ್ ದಪ್ಪ. ಒಂದಕ್ಕೂ ಇನ್ನೊಂದಕ್ಕೂ ಸುಮಾರು 0.1 ಮಿಮೀ ವ್ಯತ್ಯಾಸ. ಹಳೇ ಗ್ಯಾಸ್ಕೆಟ್‌ನ ಡಿ ಹೇಳೋದು ಹಿಂದಿನ ಬ್ಲಾಕ್ ಎತ್ತರಕ್ಕೆ, ಹಿಂದಿನ ಪಿಸ್ಟನ್‌ಗೆ ಯಾವುದು ಸರಿಯಿತ್ತು ಅಂತ ಮಾತ್ರ. ಈಗ ಪಿಸ್ಟನ್ ಹೊಸದು. ಮೇಲ್ಮೈಯಿಂದ 0.1 ಮಿಮೀ ತೆಗೆದರೂ ಪಿಸ್ಟನ್ ಅಷ್ಟೇ ಹೆಚ್ಚು ಮೇಲೆ ಬರುತ್ತೆ, ಡಿ ಹೋಗಿ ಎಫ್ ಬೇಕಾಗಬಹುದು. ಎಫ್‌ಗೂ ಮೀರುವಷ್ಟು ತೆಗೆದರೆ ಗ್ಯಾಸ್ಕೆಟ್ಟೇ ಇಲ್ಲ. ಹಾಗಾಗಿ ತಗ್ಗು ಹೋಗುವಷ್ಟೇ ಗ್ರೈಂಡ್ ಮಾಡಿ, ನುಣುಪು ಕಾಣಲಿ ಅಂತ ಇನ್ನೊಂದು ಪಾಸ್ ಬೇಡ ಅಂತ ಅವರಿಗೆ ಸ್ಪಷ್ಟವಾಗಿ ಹೇಳಿ.

ಕಲ್ಲಿಗೆ ಕೊಡೋ ಮುಂಚೆ ಇನ್ನೊಂದು. ಎಂಜಿನ್ ನಂಬರ್ ಅಚ್ಚಾದ ಜಾಗಕ್ಕೆ ಯಾವ ಕಾರಣಕ್ಕೂ ಕಲ್ಲಾಗಲಿ ಅರವಾಗಲಿ ತಾಗಬಾರದು. ಆರ್‌ಸಿಯಲ್ಲಿರೋ ನಂಬರ್ ಬ್ಲಾಕ್ ಮೇಲೆ ಕಾಣದಿದ್ದರೆ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಹೋದಾಗ, ಗಾಡಿ ಮಾರುವಾಗ ಆರ್‌ಟಿಒದಲ್ಲಿ ಉತ್ತರ ಹೇಳೋದು ಬಹಳ ಕಷ್ಟ. ಹತ್ತಿರದ ಫೋಟೋ ತೆಗೆದಿಟ್ಟುಕೊಳ್ಳಿ. ಹಾಗೆಯೇ ಬ್ಲಾಕ್ ಪಕ್ಕದಲ್ಲಿ ಉಬ್ಬಿ ನಿಂತಿರೋ ದೊಡ್ಡ ಅಂಕಿಗಳನ್ನ ನೋಡಿ ಬಿಡಿಭಾಗ ಆರ್ಡರ್ ಮಾಡಬೇಡಿ, ಅವು ಎರಕದ ಅಚ್ಚಿನ ನಂಬರ್. ಒಂದೇ ಅಚ್ಚಿನ ಬ್ಲಾಕನ್ನ ಬೇರೆ ಬೇರೆ ಎಂಜಿನ್‌ಗೆ ಬೇರೆ ಬೇರೆ ಥರ ಕೊರೆದಿರಬಹುದು.

ಬೋರಿಂಗ್‌ಗೆ ಕೊಡುವಾಗ ಪಿಸ್ಟನ್‌ಗಳನ್ನೂ ಜೊತೆಗೇ ಕೊಡಿ. ಡಬ್ಬಿ ಮೇಲೆ 1.00 ಅಂತಿದೆ ಅಂತ 93.00ಕ್ಕೆ ಬೋರ್ ಮಾಡೋರಿದ್ದಾರೆ. ಹಾಗಲ್ಲ, ಒಂದೊಂದು ಪಿಸ್ಟನ್ನಿನ ಸ್ಕರ್ಟನ್ನೂ (ರಿಂಗುಗಳ ಕೆಳಗಿನ ಮೈ) ಮೈಕ್ರೋಮೀಟರ್‌ನಲ್ಲಿ ಅಳೆದು, ಮ್ಯಾನ್ಯುಅಲ್ಲಿನ ಸಂದು ಸೇರಿಸಿ, ಆ ಪಿಸ್ಟನ್ನಿಗೆ ಆ ಬೋರು. ಆಮೇಲೆ ಪಿಸ್ಟನ್ ತಲೆ ಮೇಲೆ ಪೇಂಟ್ ಪೆನ್ನಲ್ಲಿ ಸಿಲಿಂಡರ್ ನಂಬರ್ ಬರೆಸಿಕೊಳ್ಳಿ.

ಎಲ್ಲಾ ಮುಗಿದು ಕ್ರ್ಯಾಂಕು, ಪಿಸ್ಟನ್ ಕೂತ ಮೇಲೆ, ಡಯಲ್ ಗೇಜನ್ನ ಬ್ಲಾಕ್ ಮೇಲೆ ಸೊನ್ನೆ ಮಾಡಿ, ಪ್ರತಿ ಪಿಸ್ಟನ್ನಿನಲ್ಲೂ ಪಿನ್ನಿನ ನೇರಕ್ಕೆ ಎರಡು ಕಡೆ ಅಳೀರಿ. ಬೇರೆ ಕಡೆ ಅಳೆದರೆ ಪಿಸ್ಟನ್ ವಾಲಿ ತಪ್ಪು ತೋರಿಸುತ್ತೆ. ನಾಲ್ಕರಲ್ಲಿ ಯಾವುದು ಹೆಚ್ಚು ಮೇಲೆ ಬಂದಿದೆಯೋ ಅದನ್ನ ಹಿಡಿದು ಪಟ್ಟಿ ನೋಡಿ ಗ್ಯಾಸ್ಕೆಟ್ ತನ್ನಿ.

ಮಲ್ನಾಡ್_ಕ್ವಾಲಿಸ್

ಬೋರಿಂಗ್ ಆಗಿ ಬಂತು, ಮೇಲ್ಮೈಯಿಂದ ಬಹಳ ಕಮ್ಮಿ ತೆಗೆದಿದ್ದಾರೆ, ಎಂಜಿನ್ ನಂಬರ್ ಹಾಗೇ ಇದೆ. ಪಿಸ್ಟನ್ ಕೂರಿಸಿ ಅಳೆದ್ವಿ. ಮೂರು ಪಿಸ್ಟನ್ ಡಿ ಮಿತಿಯೊಳಗೆ ಬರ್ತಿವೆ, ನಾಲ್ಕನೇದು ಮಾತ್ರ ಎಫ್ ಮಿತಿಗೆ ಕಾಲಿಟ್ಟಿದೆ. ಮೆಕ್ಯಾನಿಕ್ ಅವರೇ ಪಟ್ಟಿ ಕೈಗೆ ತಗೊಂಡು ಎಫ್ ತರಿಸೋಣ ಅಂದ್ರು.

ಬೋರಿಂಗ್_ಬೆಂಚ್

ಎಫ್ ಸರಿ. ಹಳೇ ಬ್ಲಾಕಿನ 1, 2, 2, 1 ಇನ್ನೂ ಕಾಣ್ತಿದ್ದರೆ ಅದರ ಪಕ್ಕ, ಗ್ಯಾಸ್ಕೆಟ್ ಕೂರದ ಹೊರಮೈಯಲ್ಲಿ 1.00 ಅಂತ ಸಣ್ಣ ಅಚ್ಚಲ್ಲಿ ಹೊಡೆಸಿ. ಮುಂದೆ ಬಿಚ್ಚೋರಿಗೆ ಹೆಡ್ ಎತ್ತೋಕೆ ಮುಂಚೆಯೇ ಗೊತ್ತಾಗಲಿ. ಗ್ಯಾಸ್ಕೆಟ್ ಹಾಕುವಾಗ ಎಫ್ ಅಕ್ಷರ ಮೇಲ್ಮುಖವಾಗಿರಲಿ, ಹೆಡ್ ಬೋಲ್ಟ್ ತೂತುಗಳಲ್ಲಿ ನಿಂತ ಆಯಿಲ್, ನೀರನ್ನ ಪೂರ್ತಿ ಊದಿ ತೆಗೀರಿ.